ಬ್ಲಡಿ ಮೇರಿಗೆ ಒಗ್ಗರಣೆ ಹಾಕಿದವರು

ಮುಂಬಯಿಯ ಬಾರುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗ್ಲಾಸು ತೊಳೆದವನು, ತುಂಬಿಸಿದವನು, ಎತ್ತಿಟ್ಟವನು ನಾನು. ಕಳೆದ ವರ್ಷ ನಿವೃತ್ತನಾದೆ. ಊರಲ್ಲಿ ಯಾರಾದರೂ 'ಬೊಂಬಾಯಲ್ಲಿ ಎಂತ ಕೆಲಸ?' ಎಂದು ಕೇಳಿದರೆ 'ಹೋಟ್ಲು' ಎಂದಷ್ಟೇ ಹೇಳಿ ಮಾತು ತಿರುಗಿಸುವುದು ನಮ್ಮ ಕಡೆಯ ಹಲವರಿಗೆ ರೂಢಿ. ಹೋಟೆಲು ಎಂಬ ಶಬ್ದದ ಕೆಳಗೆ ಇಡ್ಲಿಯೂ ಅಡಗುತ್ತದೆ, ಪೆಗ್ಗೂ ಅಡಗುತ್ತದೆ. ನಾನೂ ಬಹಳ ವರ್ಷ ಹಾಗೇ ಹೇಳಿಕೊಂಡು ಬಂದೆ. ಈಗ ಬಾರಿನ ವಿಷಯವನ್ನೇ ಬರೆಯಲು ಕೂತಿದ್ದೇನೆಂದರೆ ಅದಕ್ಕೆ ಕಾರಣ ಇದೆ. ಹದಿನಾಲ್ಕು ವರ್ಷದ ಹಿಂದೆ ನಾನು ಆಡಿದ ಒಂದು ಸುಳ್ಳನ್ನು ಸರಿಪಡಿಸಬೇಕಾಗಿದೆ.

ಸುಳ್ಳಿನ ವಿಷಯ ಒಂದು ಪಾನೀಯ. ಹೆಸರು ಬ್ಲಡಿ ಮೇರಿ. ಕಾಕ್‌ಟೇಲ್ ಎಂದರೆ ಸಾಮಾನ್ಯವಾಗಿ ಸಿಹಿ, ಇಲ್ಲವೇ ಹುಳಿ ಬೆರೆತ ಸಿಹಿ. ಇದು ಆ ಜಾತಿಯದ್ದಲ್ಲ. ವೊಡ್ಕಾ, ಟೊಮೆಟೊ ರಸ, ನಿಂಬೆ, ಉಪ್ಪು, ಕಾಳುಮೆಣಸು, ಮೆಣಸಿನಕಾಯಿಯ ಸಾಸು, ಜೊತೆಗೆ ಇಂಗ್ಲೆಂಡಿನ ವೂಸ್ಟರ್ ಸಾಸು. ಮೊದಲ ಸಲ ಚಮಚದಲ್ಲಿ ರುಚಿ ನೋಡಿದಾಗ ನನಗೆ ಅನ್ನಿಸಿದ್ದು, ಇದು ಫ್ರಿಜ್ಜಿನಲ್ಲಿಟ್ಟು ಮರೆತ ಟೊಮೆಟೊ ಸಾರು. ಆ ಅಭಿಪ್ರಾಯವನ್ನು ಇವತ್ತಿಗೂ ಪೂರ್ತಿ ಬದಲಾಯಿಸಿಲ್ಲ. ಸಾರು ಚೆನ್ನಾಗಿರಬೇಕು, ಅಷ್ಟೇ.

ನಾನು ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದದ್ದು 1983ರಲ್ಲಿ, ಹದಿನಾರನೇ ವಯಸ್ಸಿಗೆ. ಕೋಟೆ ಭಾಗದ ಒಂದು ಉಡುಪಿ ಹೋಟೆಲಿನಲ್ಲಿ ಮೇಜು ಒರೆಸುವ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಎರಡು ವರ್ಷದಲ್ಲಿ ಕಾಫಿ ಕೌಂಟರಿಗೆ ಬಡ್ತಿ ಸಿಕ್ಕಿತು. ಲೋಟದಿಂದ ಲೋಟಕ್ಕೆ ಮೊಳದುದ್ದ ಎತ್ತಿ ಎರೆಯುವುದನ್ನು ಅಲ್ಲಿ ಕಲಿತೆ. ಆ ವಿದ್ಯೆ ಮುಂದೆ ಎಲ್ಲಿ ಉಪಯೋಗಕ್ಕೆ ಬಂತು ಎಂದು ಆಮೇಲೆ ಹೇಳುತ್ತೇನೆ. 1989ರಲ್ಲಿ ಅಂಧೇರಿಯ ಒಂದು ಪರ್ಮಿಟ್ ರೂಮಿಗೆ ಸೇರಿದೆ. ಮಾಲೀಕರು ನಮ್ಮವರೇ, ಅಡುಗೆಯವರು ನಮ್ಮವರೇ, ಟಿಪ್ಸಿನ ಜಗಳವೂ ತುಳು ಕನ್ನಡದಲ್ಲೇ.

ಪರ್ಮಿಟ್ ರೂಮ್ ಎಂಬ ಹೆಸರಿನ ಹಿಂದಿನ ತಮಾಷೆ ಮುಂಬಯಿಯ ಹೊಸ ತಲೆಮಾರಿಗೆ ಗೊತ್ತಿರಲಿಕ್ಕಿಲ್ಲ. 1949ರ ಮುಂಬಯಿ ಪಾನನಿಷೇಧ ಕಾಯಿದೆ ಇಂದಿಗೂ ಕಾಗದದ ಮೇಲೆ ಜೀವಂತ. ಅದರ ಪ್ರಕಾರ ಇಲ್ಲಿ ಕುಡಿಯುವವನ ಕೈಯಲ್ಲಿ ಪರ್ಮಿಟ್ ಇರಬೇಕು, ಮತ್ತು ಆ ಪರ್ಮಿಟ್ ಕೊಡುವುದು ಆರೋಗ್ಯ ಕಾಪಾಡಿಕೊಳ್ಳುವ ಸಲುವಾಗಿ! ನಮ್ಮ ಗಿರಾಕಿಗಳೆಲ್ಲ ಕಾನೂನಿನ ಕಣ್ಣಿನಲ್ಲಿ ಔಷಧ ಸೇವಿಸುತ್ತಿದ್ದವರು.

1994ರಲ್ಲಿ ವಿಮಾನ ನಿಲ್ದಾಣದ ಹತ್ತಿರದ ಒಂದು ದೊಡ್ಡ ಹೋಟೆಲಿನ ಬಾರಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಕೊಡಿಸಿದವರು ಅಲ್ಲಿನ ಕ್ಯಾಪ್ಟನ್, ನಮ್ಮ ಪಕ್ಕದ ಊರಿನವರೇ. ಅವರ ಹೆಸರು ನಾನು ಬರೆಯುವುದಿಲ್ಲ, ಅದು ಅವರದೇ ಷರತ್ತು. ಕ್ಯಾಪ್ಟನ್ ಎಂದೇ ಕರೆಯುತ್ತೇನೆ. ಜೀವಮಾನದಲ್ಲಿ ಒಂದು ತೊಟ್ಟು ಮದ್ಯ ನಾಲಗೆಗೆ ತಾಗಿಸಿದವರಲ್ಲ. ಕಾಕ್‌ಟೇಲಿನ ರುಚಿಯನ್ನು ಮದ್ಯ ಹಾಕುವ ಮುಂಚೆಯೇ ನೋಡಿ ಮುಗಿಸುತ್ತಿದ್ದರು. 'ವೊಡ್ಕಾಕ್ಕೆ ರುಚಿ ಎಲ್ಲಿತ್ತಾ? ಅದು ಗಿರಾಕಿಯ ಲೆಕ್ಕ. ಉಳ್ದದ್ ನಮ್ ಲೆಕ್ಕ' ಎನ್ನುವುದು ಅವರ ಮಾತು. ಬ್ಲಡಿ ಮೇರಿಯ ವಿಷಯದಲ್ಲಿ ಇದು ಅಕ್ಷರಶಃ ನಿಜ.

ಭಾನುವಾರ ಬೆಳಿಗ್ಗೆ ವಿದೇಶಿ ವಿಮಾನ ಸಿಬ್ಬಂದಿ, ಪ್ರವಾಸಿಗಳು, ಕೆಲವು ಸಿನಿಮಾದವರು ಬಂದು ಕೂತು ಇದನ್ನೇ ಕೇಳುತ್ತಿದ್ದರು. ಕೆಲವರು ಕುಡಿಯುತ್ತಾ 'ಇದನ್ನು ಕಂಡುಹಿಡಿದದ್ದು ಯಾರು?' ಎಂದು ವಿಚಾರಿಸುವರು. ಉತ್ತರ ಕೊಟ್ಟರೆ ಟಿಪ್ಸ್ ಹೆಚ್ಚು ಬರುತ್ತಿದ್ದುದರಿಂದ ಉತ್ತರ ಹುಡುಕಲು ಶುರುಮಾಡಿದೆ. ಟಿಪ್ಸಿನ ಆಸೆ ಹೋದ ಮೇಲೂ ಹುಡುಕಾಟ ನಿಲ್ಲಲಿಲ್ಲ.

ಹೆಚ್ಚು ಪ್ರಚಾರದಲ್ಲಿರುವ ಕಥೆ ಪ್ಯಾರಿಸಿನದು. ಅಲ್ಲಿನ ದೌನು ಬೀದಿಯಲ್ಲಿ 1911ರಿಂದ ಇರುವ ಒಂದು ಅಮೆರಿಕನ್ ಬಾರು, ಈಗ ಹ್ಯಾರಿಸ್ ನ್ಯೂಯಾರ್ಕ್ ಬಾರ್ ಎಂದು ಪ್ರಸಿದ್ಧ. ಅಲ್ಲಿ ಕೆಲಸಕ್ಕಿದ್ದ ಹುಡುಗ ಫರ್ನಾಂಡ್ ಪೆಟಿಯೊ 1921ರ ಸುಮಾರಿಗೆ ವೊಡ್ಕಾಕ್ಕೆ ಟೊಮೆಟೊ ರಸ ಸೇರಿಸಿದ ಎನ್ನುತ್ತಾರೆ. ರಷ್ಯಾದ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದವರು ಆಗ ಪ್ಯಾರಿಸಿನಲ್ಲಿ ತುಂಬಿದ್ದರು, ಅವರ ಜೊತೆ ವೊಡ್ಕಾ ಬಂದಿತ್ತು. ಅತ್ತ ಅಮೆರಿಕದಲ್ಲಿ 1920ರಿಂದ ಪಾನನಿಷೇಧ, ಹಾಗಾಗಿ ಬಾಯಾರಿದ ಅಮೆರಿಕನ್ನರೂ ಅಲ್ಲೇ ಇದ್ದರು. ಕಥೆ ಹೊಂದಿಕೊಳ್ಳುತ್ತದೆ.

ನನಗೆ ಇದರಲ್ಲಿ ಒಂದು ಅನುಮಾನ. ಟೊಮೆಟೊ ರಸವನ್ನು ಕುಡಿಯುವ ಪಾನೀಯವಾಗಿ ಕೊಟ್ಟದ್ದರ ಹೆಸರಾಂತ ಪ್ರಸಂಗ 1917ರದ್ದು. ಅಮೆರಿಕದ ಇಂಡಿಯಾನಾ ರಾಜ್ಯದ ಫ್ರೆಂಚ್ ಲಿಕ್ ಎಂಬ ಊರಿನ ಹೋಟೆಲಿನಲ್ಲಿ ಕಿತ್ತಳೆ ರಸ ಮುಗಿದುಹೋಯಿತು, ಅಡುಗೆಯ ಲೂಯಿ ಪೆರಾನ್ ಟೊಮೆಟೊ ಹಿಂಡಿ ಕೊಟ್ಟ. ಡಬ್ಬಿಯ ಟೊಮೆಟೊ ರಸ ಅಂಗಡಿಗಳಲ್ಲಿ ಧಾರಾಳವಾಗಿ ಸಿಗತೊಡಗಿದ್ದು 1920ರ ದಶಕದ ಕೊನೆಗೆ. ಅದಕ್ಕೂ ಮೊದಲು ಪ್ಯಾರಿಸಿನ ಒಬ್ಬ ಬಾರ್ ಹುಡುಗ ದಿನವೂ ಟೊಮೆಟೊ ಹಿಂಡುತ್ತ ಕೂತಿದ್ದನೇ? ಕೂತಿರಲೂಬಹುದು. ನಾವು ಕೂರಲಿಲ್ಲವೇ?

ಎರಡನೆಯ ಹಕ್ಕುದಾರ ಜಾರ್ಜ್ ಜೆಸ್ಸೆಲ್, ಅಮೆರಿಕದ ಹಾಸ್ಯನಟ. 1927ರಲ್ಲಿ ಫ್ಲಾರಿಡಾದ ಪಾಮ್ ಬೀಚಿನಲ್ಲಿ, ರಾತ್ರಿಯೆಲ್ಲ ಕುಡಿದ ಮರುದಿನ ಬೆಳಿಗ್ಗೆ, ಯಾರೂ ಮುಟ್ಟದೆ ಬಿಟ್ಟಿದ್ದ ವೊಡ್ಕಾ ಬಾಟಲಿಯ ದುರ್ವಾಸನೆ ಮುಚ್ಚಲು ಟೊಮೆಟೊ ರಸ, ನಿಂಬೆ, ವೂಸ್ಟರ್ ಸಾಸು ಸೇರಿಸಿದೆ ಎಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮೇರಿ ಎಂಬ ಶ್ರೀಮಂತ ಹೆಣ್ಣುಮಗಳ ಬಿಳಿ ಉಡುಪಿನ ಮೇಲೆ ಅದು ಚೆಲ್ಲಿತಂತೆ, ಅವಳೇ ನಗುತ್ತ ತನಗೆ ಬ್ಲಡಿ ಮೇರಿ ಎಂದು ಹೆಸರಿಟ್ಟುಕೊಂಡಳಂತೆ. ಆತ್ಮಕಥೆ ಅಚ್ಚಾದದ್ದು 1975ರಲ್ಲಿ. ಅಂದರೆ ಘಟನೆ ನಡೆದು ಸುಮಾರು ಐವತ್ತು ವರ್ಷಕ್ಕೆ! ಆದರೆ 1939ರಲ್ಲೇ ನ್ಯೂಯಾರ್ಕಿನ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯ ಅಂಕಣಕಾರ ಲೂಸಿಯಸ್ ಬೀಬ್ ಈ ಪಾನೀಯವನ್ನು ಜೆಸ್ಸೆಲ್‌ನ ಹೆಸರಿನೊಂದಿಗೇ ಬರೆದಿದ್ದ. ಅಲ್ಲಿರುವುದು ಎರಡೇ ಸಾಮಗ್ರಿ: ಅರ್ಧ ಟೊಮೆಟೊ ರಸ, ಅರ್ಧ ವೊಡ್ಕಾ. ನಿಂಬೆಯೂ ಇಲ್ಲ, ಸಾಸೂ ಇಲ್ಲ. ಅವು ಆತ್ಮಕಥೆಯೊಳಗೆ ಯಾವಾಗ ಬಂದು ಸೇರಿಕೊಂಡವೋ!

ಪಾನನಿಷೇಧ 1933ರ ಕೊನೆಗೆ ಹೋಯಿತು. ಪೆಟಿಯೊ ನ್ಯೂಯಾರ್ಕಿನ ಸೇಂಟ್ ರೀಜಿಸ್ ಹೋಟೆಲಿನ ಕಿಂಗ್ ಕೋಲ್ ಬಾರಿಗೆ ಬಂದು ದಶಕಗಳ ಕಾಲ ಅಲ್ಲೇ ಇದ್ದ. ಬ್ಲಡಿ ಎಂಬ ಹೆಸರು ದೊಡ್ಡ ಹೋಟೆಲಿಗೆ ಶೋಭಿಸುವುದಿಲ್ಲವೆಂದು ಅಲ್ಲಿ ಇದನ್ನು ರೆಡ್ ಸ್ನ್ಯಾಪರ್ ಎಂದು ಕರೆದರು. ಅದು ಒಂದು ಕೆಂಪು ಮೀನಿನ ಹೆಸರು. ಈಗ ಆ ಹೆಸರು ವೊಡ್ಕಾದ ಬದಲು ಜಿನ್ ಹಾಕಿದ ಬಗೆಗೆ ಉಳಿದಿದೆ.

1964ರಲ್ಲಿ ನ್ಯೂಯಾರ್ಕರ್ ಪತ್ರಿಕೆಯವರು ಪೆಟಿಯೊನನ್ನು ಮಾತಾಡಿಸಿದರು. ಈ ಇಡೀ ಜಗಳದಲ್ಲಿ ನನಗೆ ಇಷ್ಟವಾದ ಭಾಗ ಇದೊಂದೇ. ಇಂದಿನ ಬ್ಲಡಿ ಮೇರಿಯನ್ನು ಶುರುಮಾಡಿದವನು ನಾನು ಎಂದು ಅವನು ಹೇಳಿದ. ಆದರೆ ಅದೇ ಉಸಿರಿನಲ್ಲಿ, ಜೆಸ್ಸೆಲ್ ತಾನು ಕಂಡುಹಿಡಿದೆ ಎನ್ನುತ್ತಾನೆ, ನಾನು ಕೈಗೆತ್ತಿಕೊಂಡಾಗ ಅದು ಬರೀ ವೊಡ್ಕಾ ಮತ್ತು ಟೊಮೆಟೊ ರಸವಾಗಿತ್ತು ಎಂದೂ ಸೇರಿಸಿದ. ಆಮೇಲೆ ತನ್ನ ಕ್ರಮ ವಿವರಿಸಿದ. ಶೇಕರಿನ ತಳಕ್ಕೆ ನಾಲ್ಕು ದೊಡ್ಡ ಚಿಟಿಕೆ ಉಪ್ಪು, ಎರಡು ಚಿಟಿಕೆ ಕಾಳುಮೆಣಸು, ಎರಡು ಚಿಟಿಕೆ ಮೆಣಸಿನ ಪುಡಿ, ಅದರ ಮೇಲೆ ಒಂದು ಪದರ ವೂಸ್ಟರ್ ಸಾಸು. ನಿಂಬೆರಸ, ಪುಡಿ ಐಸು. ಕೊನೆಗೆ ಎರಡು ಔನ್ಸ್ ವೊಡ್ಕಾ, ಎರಡು ಔನ್ಸ್ ಗಟ್ಟಿ ಟೊಮೆಟೊ ರಸ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಅರವತ್ತರವತ್ತು ಮಿಲಿ. ಕುಲುಕಿ ಸೋಸಿ ಕೊಡುವುದು.

ಇದನ್ನು ನಾನು ಕ್ಯಾಪ್ಟನ್‌ಗೆ ಓದಿ ಹೇಳಿದಾಗ ಅವರಿಗೆ ಭಾರಿ ಖುಷಿ. 'ಹಾಂಗಾರೆ ಬೇಯ್ಸಿದವ ಒಬ್ಬ, ಒಗ್ಗರ್ಣೆ ಹಾಕಿದವ ಇನ್ನೊಬ್ಬ' ಎಂದರು. ಒಗ್ಗರಣೆ ಬೀಳದ ಸಾರಿಗೆ ಯಾರ ಮನೆಯಲ್ಲಿ ಸಾರು ಎನ್ನುತ್ತಾರೆ?

ಹೆಸರಿನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲೆಂಡಿನ ರಾಣಿ ಮೊದಲನೆಯ ಮೇರಿ 1553ರಿಂದ 1558ರವರೆಗೆ ಆಳಿದಳು. ಅಷ್ಟರಲ್ಲಿ ಸುಮಾರು 280 ಮಂದಿ ಪ್ರಾಟೆಸ್ಟಂಟರನ್ನು ಸುಡಿಸಿದಳೆಂದು ಆಕೆಗೆ ರಕ್ತದ ಮೇರಿ ಎಂಬ ಹೆಸರು ಬಂತು. ಪಾನೀಯಕ್ಕೆ ಅವಳ ಹೆಸರೇ ಬಂತೋ, ಬಿಳಿ ಉಡುಪಿನವಳದೋ, ಶಿಕಾಗೊದ ಯಾವುದೋ ಹುಡುಗಿಯದೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬರಹಗಾರ ಹೆಮಿಂಗ್ವೇ ಕೂಡ 1947ರ ಒಂದು ಪತ್ರದಲ್ಲಿ, 1941ರಲ್ಲಿ ಹಾಂಗ್‌ಕಾಂಗಿಗೆ ಇದನ್ನು ಪರಿಚಯಿಸಿದವನು ನಾನೇ, ಜಪಾನಿ ಸೈನ್ಯವನ್ನು ಬಿಟ್ಟರೆ ಆ ಊರು ಬೀಳಲು ಮುಖ್ಯ ಕಾರಣ ಅದೇ ಎಂದು ತಮಾಷೆ ಮಾಡಿದ್ದಾನೆ. ಈ ಪಾನೀಯದ ಹತ್ತಿರ ಬಂದವರಿಗೆಲ್ಲ 'ನಾನೇ' ಎನ್ನುವ ಚಟ ಹತ್ತುತ್ತದೆ. ನನಗೂ ಹತ್ತಿತು.

ಈಗ ವೂಸ್ಟರ್ ಸಾಸಿನ ಕಥೆ. ಇದು ಬಾರದೆ ನನ್ನ ಸುಳ್ಳು ಅರ್ಥವಾಗುವುದಿಲ್ಲ.

ಇಂಗ್ಲೆಂಡಿನ ವೂಸ್ಟರ್ ಊರಿನ ಇಬ್ಬರು ಔಷಧ ವ್ಯಾಪಾರಿಗಳು, ಲೀ ಮತ್ತು ಪೆರಿನ್ಸ್, 1837ರಿಂದ ಮಾರಿದ ಕಪ್ಪು ಸಾಸು ಅದು. ಬಂಗಾಳದ ಗವರ್ನರನಾಗಿದ್ದ ಒಬ್ಬ ಲಾರ್ಡ್ ಊರಿಗೆ ಮರಳಿ, ತಾನು ಭಾರತದಲ್ಲಿ ತಿಂದ ಸಾಸನ್ನು ಮಾಡಿಕೊಡಲು ಇವರಿಗೆ ಹೇಳಿದ, ಮಾಡಿದ್ದು ಕೆಟ್ಟದಾಗಿ ಬಂತು, ನೆಲಮಾಳಿಗೆಯಲ್ಲಿ ಮರೆತುಬಿಟ್ಟರು, ವರ್ಷಗಳ ಮೇಲೆ ತೆರೆದಾಗ ಅದ್ಭುತ ರುಚಿ ಎಂದು ಒಂದು ಕಥೆ. ಆ ಹೆಸರಿನ ಗವರ್ನರ್ ಬಂಗಾಳದಲ್ಲಿ ಇರಲೇ ಇಲ್ಲ. ಕಥೆ ಸುಳ್ಳಾದರೂ ಬಾಟಲಿಯೊಳಗೆ ಭಾರತ ಇರುವುದು ಸುಳ್ಳಲ್ಲ. ಲೇಬಲ್ ಓದಿ: ವಿನೆಗರ್, ಕಾಕಂಬಿ, ಸಕ್ಕರೆ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ, ಮತ್ತು ಹುಣಸೆ. ನಮ್ಮ ಹಿತ್ತಲಿನ ಹುಣಸೆಯೇ. ಜೊತೆಗೆ ಇನ್ನೊಂದು ವಸ್ತು ಆಂಚೊವಿ. ಮುಂಬಯಿ ಮೀನು ಮಾರುಕಟ್ಟೆಯ ಮಾಂದೆಲಿಗೆ ಹತ್ತಿರದ ಸಂಬಂಧಿಯಾದ ಸಣ್ಣ ಮೀನು. ಅದನ್ನು ಉಪ್ಪಿನಲ್ಲಿ ಕೊಳೆಯಿಸಿ ಇದಕ್ಕೆ ಸೇರಿಸುತ್ತಾರೆ.

1996ರ ಸುಮಾರಿಗೆ ಒಬ್ಬರು ಗುಜರಾತಿ ವ್ಯಾಪಾರಿ ಪ್ರತಿ ಭಾನುವಾರ ನಮ್ಮಲ್ಲಿಗೆ ಬರುತ್ತಿದ್ದರು. ವೊಡ್ಕಾ ಕುಡಿಯುವರು, ಆದರೆ ಮಾಂಸ ಮೀನು ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಆಗದು. ನಗಬೇಡಿ. ಯಾರು ಯಾವ ಗೆರೆಯನ್ನು ದಾಟುತ್ತಾರೆ, ಯಾವುದನ್ನು ದಾಟುವುದಿಲ್ಲ ಎಂಬುದು ಅವರವರ ಮನೆಯ ವಿಷಯ. ಬಾರಿನಲ್ಲಿ ಕೆಲಸ ಮಾಡುವವನಿಗೆ ಅದು ಮೊದಲ ಪಾಠ. ಅವರು ಆರೇಳು ತಿಂಗಳಿಂದ ನಮ್ಮ ಬ್ಲಡಿ ಮೇರಿ ಕುಡಿದಿದ್ದರು. ಒಂದು ದಿನ ಕನ್ನಡಕ ಸರಿಮಾಡಿಕೊಂಡು ಕೌಂಟರಿನ ಮೇಲಿದ್ದ ಬಾಟಲಿಯ ಸಣ್ಣಕ್ಷರ ಓದಿದರು. ಆಂಚೊವಿ ಎಂದರೇನು ಎಂದು ನನ್ನನ್ನು ಕೇಳಿದರು. ಸಸ್ಯಾಹಾರಕ್ಕೆ ಹಸಿರು ಚುಕ್ಕೆ ಬಂದಿರದ ಕಾಲ ಅದು. ನಾನು ತಡವರಿಸಿದೆ. ಕ್ಯಾಪ್ಟನ್ ಮುಂದೆ ಬಂದು, 'ಮೀನು ಸಾಹೇಬರೇ. ನಮಗೂ ತಿಳಿದಿರಲಿಲ್ಲ. ತಪ್ಪಾಯಿತು' ಎಂದು ಹಿಂದಿಯಲ್ಲಿ ನೇರವಾಗಿ ಹೇಳಿಬಿಟ್ಟರು. ಆ ಮನುಷ್ಯ ಜಗಳಾಡಲಿಲ್ಲ. ಗ್ಲಾಸನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ದುಡ್ಡಿಟ್ಟು ಹೋದರು. ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಂದು ರಾತ್ರಿ ಬಾರು ಮುಚ್ಚಿದ ಮೇಲೆ ಕ್ಯಾಪ್ಟನ್ ಅಡುಗೆಮನೆಯ ಮೂಲೆಯ ಒಲೆ ಕೇಳಿ ಪಡೆದರು. 'ಹುಣ್ಸಿಹಣ್ಣ್ ಅವ್ರೇ ಹಾಕಿರ್. ಬಾಕಿ ನಮ್ಗೆ ಗೊತ್ತಿಲ್ದಾ?' ಎಂದು ಶುರುಮಾಡಿದರು. ಮೊದಲ ದಿನದ್ದು ಪುಳಿಯೋಗರೆ ಗೊಜ್ಜಿನಂತೆ ಬಂತು. ಎರಡನೆಯದು ಬರೀ ವಿನೆಗರ್ ವಾಸನೆ. ಮೀನು ಕೊಡುತ್ತಿದ್ದ ಆಳದ ರುಚಿ ಎಲ್ಲಿಂದ ತರುವುದು ಎಂಬುದೇ ಸಮಸ್ಯೆ. ಚೈನೀಸ್ ಅಡುಗೆಯವನ ಕಪಾಟಿನಿಂದ ಸೋಯಾ ಸಾಸು ತಂದು ನೋಡಿದರು, ಅರ್ಧ ಸರಿಹೋಯಿತು. ಬೆಳ್ಳುಳ್ಳಿಯ ಜಾಗಕ್ಕೆ ಇಂಗು. ಕಾಕಂಬಿಯ ಜಾಗಕ್ಕೆ ಬೆಲ್ಲ. ಬಣ್ಣಕ್ಕೆ ಬ್ಯಾಡಗಿ ಮೆಣಸು. ಆಗ ನಮಗೆ ಸೆಲೆರಿ ಸುಲಭವಾಗಿ ಸಿಗುತ್ತಿರಲಿಲ್ಲ, ಅದರ ಬೀಜದ ಉಪ್ಪಂತೂ ಇಲ್ಲವೇ ಇಲ್ಲ. ಓಮವನ್ನು ಹುರಿದು ಉಪ್ಪಿನ ಜೊತೆ ಕುಟ್ಟಿದರು. ವಾಸನೆ ಸೆಲೆರಿಯದ್ದಲ್ಲ, ಆದರೂ ಎರಡೂ ಒಂದೇ ಸಸ್ಯಕುಟುಂಬದವು. ಹತ್ತು ಹನ್ನೆರಡು ರಾತ್ರಿ ಇದೇ ನಡೆಯಿತು.

ಟೊಮೆಟೊ ರಸದ ವಿಷಯದಲ್ಲೂ ಅವರದು ಒಂದು ಹಟ. ಹಸಿ ಟೊಮೆಟೊವನ್ನು ಮಿಕ್ಸಿಯಲ್ಲಿ ತಿರುಗಿಸಿ ಸೋಸಿದರೆ ಅರ್ಧ ಗಂಟೆಯಲ್ಲಿ ಮೇಲೆ ನೀರು, ಕೆಳಗೆ ಗಸಿ. ಕ್ಯಾಪ್ಟನ್ ಬಾಣಲೆಯನ್ನು ಮೊದಲೇ ಕಾಯಿಸಿಟ್ಟು, ಟೊಮೆಟೊ ಹೆಚ್ಚಿದ ಹೆಚ್ಚಿದ ಹಾಗೆ ಅದಕ್ಕೆ ಬೀಳಿಸುತ್ತಿದ್ದರು. ಕತ್ತರಿಸಿ ರಾಶಿ ಹಾಕಿಡಲು ಬಿಡುತ್ತಿರಲಿಲ್ಲ. ಇದು ಅವರ ಅಜ್ಜಿಯ ಶಾಸ್ತ್ರ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಡಬ್ಬಿ ಕಾರ್ಖಾನೆಗಳು ಮಾಡುವುದೂ ಅದನ್ನೇ. ಟೊಮೆಟೊ ಕತ್ತರಿಸಿದ ಕೂಡಲೇ ಅದರೊಳಗಿನ ಕಿಣ್ವಗಳು ರಸವನ್ನು ಗಟ್ಟಿಯಾಗಿಡುವ ಪೆಕ್ಟಿನ್ನನ್ನು ಒಡೆಯತೊಡಗುತ್ತವೆ. ತಕ್ಷಣ ಕುದಿಯುವ ಹತ್ತಿರದ ಬಿಸಿ ತಗುಲಿಸಿದರೆ ಕಿಣ್ವ ಸಾಯುತ್ತದೆ, ರಸ ಗಟ್ಟಿಯಾಗಿ ಉಳಿಯುತ್ತದೆ. ಕ್ಯಾಪ್ಟನ್‌ಗೆ ಕಿಣ್ವ ಗೊತ್ತಿರಲಿಲ್ಲ. ನೀರು ಬಿಡುತ್ತದೆ ಎಂಬುದು ಗೊತ್ತಿತ್ತು.

ಆ ವ್ಯಾಪಾರಿಗೆ ಅವರೇ ಫೋನು ಮಾಡಿ ಕರೆದರು. ಮುಂದಿನ ಭಾನುವಾರ ಬಂದು ಕೂತರು. ಏನೇನು ಹಾಕಿದೆ ಎಂದು ಕ್ಯಾಪ್ಟನ್ ಒಂದೊಂದನ್ನೂ ಕೌಂಟರಿನ ಮೇಲೆ ಸಾಲಾಗಿ ಇಟ್ಟು ತೋರಿಸಿದರು. ಆ ದಿನ ಪಾನೀಯ ಬೆರೆಸಿದ್ದು ನಾನು. ಬ್ಲಡಿ ಮೇರಿಯನ್ನು ಪೆಟಿಯೊನಂತೆ ಜೋರಾಗಿ ಕುಲುಕಿದರೆ ಟೊಮೆಟೊ ರಸ ನೊರೆಬಂದು ತೆಳ್ಳಗಾಗುತ್ತದೆ ಎಂದು ಈಗಿನ ಬಾರುಗಳಲ್ಲಿ ಐಸಿನ ಸಮೇತ ಒಂದು ಗ್ಲಾಸಿನಿಂದ ಇನ್ನೊಂದಕ್ಕೆ ನಾಲ್ಕೈದು ಸಲ ಸುರಿಯುತ್ತಾರೆ. ಕೋಟೆಯ ಹೋಟೆಲಿನ ಕಾಫಿ ವಿದ್ಯೆ ಕೈ ಹಿಡಿದದ್ದು ಇಲ್ಲಿ. ಆದರೆ ಕಾಫಿಯ ಹಾಗೆ ಮೊಳದೆತ್ತರ ಎತ್ತಬಾರದು, ಗೇಣುದ್ದ ಸಾಕು. ವ್ಯಾಪಾರಿ ಒಂದು ಗುಟುಕು ಕುಡಿದು, 'ಮೊದಲಿನದಕ್ಕಿಂತ ಚೆನ್ನಾಗಿದೆ' ಎಂದರು. ವಿನಯಕ್ಕೆ ಹೇಳಿದರೋ ನಿಜವೋ, ಎರಡನೆಯದೂ ಕೇಳಿದರು.

ಎರಡನೆಯದು ಎಂದಾಗ ನೆನಪಾಯಿತು. ಹಿಂದಿನ ರಾತ್ರಿಯ ತಲೆನೋವಿಗೆ ಬ್ಲಡಿ ಮೇರಿ ಮದ್ದು ಎಂಬ ನಂಬಿಕೆ ಎಲ್ಲ ಊರಲ್ಲೂ ಇದೆ. ಉಪ್ಪು ನೀರು ಟೊಮೆಟೊ ಹೊಟ್ಟೆಗೆ ಹೋದರೆ ಹಿತವೆನ್ನಿಸುವುದು ಹೌದು. ಆದರೆ ವೊಡ್ಕಾ ಮಾಡುವ ಕೆಲಸ ತಲೆನೋವನ್ನು ಮಧ್ಯಾಹ್ನಕ್ಕೆ ಮುಂದೂಡುವುದಷ್ಟೇ. ಅಂಧೇರಿಯ ಪರ್ಮಿಟ್ ರೂಮಿನಲ್ಲಿ ಬಾಗಿಲು ತೆರೆಯುವುದನ್ನೇ ಕಾದು, ನಡುಗುವ ಕೈಯಲ್ಲಿ ಗ್ಲಾಸು ಹಿಡಿಯುತ್ತಿದ್ದವರನ್ನು ಕಂಡಿದ್ದೇನೆ. ಅವರಲ್ಲಿ ನಮ್ಮೂರಿನವರೂ ಇದ್ದರು. ಅವರಿಗೆ ಬೇಕಾದದ್ದು ವೈದ್ಯರು. ಬಾರು ನಡೆಸುವವರು ಅದನ್ನು ಹೇಳುವುದಿಲ್ಲ, ನಾನೂ ಆಗ ಹೇಳಲಿಲ್ಲ.

ವಿಮಾನ ಸಿಬ್ಬಂದಿ ಇದನ್ನು ಅಷ್ಟು ಇಷ್ಟಪಡುತ್ತಿದ್ದುದಕ್ಕೆ ಕಾರಣ ತಿಳಿದದ್ದು ಬಹಳ ತಡವಾಗಿ. ವಿಮಾನದಲ್ಲಿ ಜನ ಬಿಯರಿನಷ್ಟೇ ಟೊಮೆಟೊ ರಸ ಕುಡಿಯುತ್ತಾರೆಂದು ಜರ್ಮನಿಯ ಲುಫ್ತಾನ್ಸಾ ಗಮನಿಸಿತ್ತು. ನೆಲದ ಮೇಲೆ ಅದನ್ನು ಮುಟ್ಟದವರೂ ಮೇಲೆ ಹೋದಾಗ ಕೇಳುತ್ತಾರೆ. 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ನಡೆಸಿದ ಪರೀಕ್ಷೆಯಲ್ಲಿ, ಎಂಜಿನ್ನಿನಂಥ ಗದ್ದಲದ ನಡುವೆ ನಾಲಗೆಗೆ ಸಿಹಿ ಮಂಕಾಗಿ, ಉಮಾಮಿ ರುಚಿ ಹೆಚ್ಚು ಗೊತ್ತಾಗುತ್ತದೆ ಎಂದು ಕಂಡುಬಂತು. ಉಮಾಮಿ ಎಂದರೆ 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಲ್ಲಿ ಗುರುತಿಸಿದ ರುಚಿ. ಅದರ ಮೂಲ ಗ್ಲುಟಮೇಟ್. ಮಾಗಿದ ಟೊಮೆಟೊದಲ್ಲಿ ಅದು ಧಾರಾಳ, ಕೊಳೆಯಿಸಿದ ಮೀನಿನಲ್ಲೂ, ಸೋಯಾ ಸಾಸಿನಲ್ಲೂ. ನಮ್ಮ ಷಡ್ರಸಗಳ ಪಟ್ಟಿಯಲ್ಲಿ ಅದಿಲ್ಲ. ಕ್ಯಾಪ್ಟನ್ ಚೈನೀಸ್ ಕಪಾಟಿಗೆ ಕೈಹಾಕಿದ್ದು ಬರೀ ಅಂದಾಜಿನಲ್ಲಿ.

ಎರಡು ವರ್ಷದ ನಂತರ ಹೋಟೆಲು ಹೊಸ ಮೆನು ಕಾರ್ಡು ಮಾಡಿಸಿತು. ಮೀನಿಲ್ಲದ ಬ್ಲಡಿ ಮೇರಿಗೆ ಒಂದು ಚೆಂದದ ಇಂಗ್ಲಿಷ್ ಹೆಸರು ಇಟ್ಟು, ಹೊರಗಿನಿಂದ ಬಂದ ಒಬ್ಬ ಸಲಹೆಗಾರರ ಸೃಷ್ಟಿ ಎಂದು ಅಚ್ಚು ಹಾಕಿದರು. ನಾವೆಲ್ಲ ಕುದಿದೆವು. ಕ್ಯಾಪ್ಟನ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, ಬೆಲೆ ಜಾಸ್ತಿಯಾಯಿತು ಎಂದಷ್ಟೇ ಹೇಳಿದರು. 2004ರಲ್ಲಿ ನಿವೃತ್ತರಾಗಿ ಊರಿಗೆ ಹೋದರು. ಸಾಸು ಕುದಿಸುವ ಕೆಲಸ ನನ್ನದಾಯಿತು.

2011ರಲ್ಲಿ ನಗರದ ಹಳೆಯ ಬಾರುಗಳ ಬಗ್ಗೆ ಬರೆಯುತ್ತಿದ್ದ ಒಬ್ಬ ಯುವ ಪತ್ರಕರ್ತೆ ಬಂದರು. ಆ ಹಳೆಯ ಕಾರ್ಡೂ ಇರಲಿಲ್ಲ, ಸಲಹೆಗಾರರೂ ಇರಲಿಲ್ಲ. ಪಾನೀಯ ಕುಡಿದು ಕಣ್ಣರಳಿಸಿ, 'ಇದು ಯಾರ ಕಲ್ಪನೆ?' ಎಂದರು. ಎದುರಿಗೆ ಕ್ಯಾಮೆರಾ ಇತ್ತು. ಹದಿನೈದು ವರ್ಷದಿಂದ ಆ ಸಾಸು ಕಲಕುತ್ತಿದ್ದ ಕೈ ನನ್ನದೇ ಅಲ್ಲವೇ ಎಂದು ಒಂದು ಕ್ಷಣ ನನಗೇ ಅನ್ನಿಸಿತು. 'ನಂದೇ' ಎಂದೆ. ಒಂದೇ ಪದ. ಮುಂದಿನ ವಾರ ಫೋಟೋ ಸಮೇತ ಬಂತು. ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಸಂತೋಷ. ಮಗಳು ಕತ್ತರಿಸಿ ಅಂಟಿಸಿದಳು. ಅವಳಿಗೆ ನಿಜ ಹೇಳಲು ನನ್ನಿಂದಾಗಲಿಲ್ಲ. ಹೇಳದೆ ಹೇಳದೆ ಅದು ಗಟ್ಟಿಯಾಗಿ ಕೂತುಬಿಟ್ಟಿತು. ಜೆಸ್ಸೆಲ್‌ನ ಆತ್ಮಕಥೆಯ ನಿಂಬೆಯ ಹಾಗೆ.

ನಿವೃತ್ತನಾದ ಮೇಲೆ, ಕಳೆದ ಮಳೆಗಾಲ ಮುಗಿದು ಊರಿಗೆ ಹೋದಾಗ, ಧೈರ್ಯ ಮಾಡಿ ಕ್ಯಾಪ್ಟನ್ ಮನೆಗೆ ಹೋದೆ. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಜಗಲಿಯಲ್ಲಿ ಕೂರಿಸಿ ಅವಲಕ್ಕಿ, ಚಾ ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ ಒಂದು ಹಳೆಯ ಡೈರಿ ತಂದರು. ಅದರೊಳಗೆ ಆ ಪತ್ರಿಕೆಯ ತುಂಡು. ಮುಂಬಯಿಯಲ್ಲಿರುವ ಅಣ್ಣನ ಮಗ ಅದೇ ವರ್ಷ ತಂದುಕೊಟ್ಟಿದ್ದನಂತೆ. 'ಫೋಟೋ ಲಾಯ್ಕ್ ಬಂದಿತ್ತ್' ಎಂದರು. ನಾನು ಕ್ಷಮೆ ಕೇಳತೊಡಗಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಬೆರಳಿನಿಂದ ಒಂದು ಸಾಲು ತೋರಿಸಿ ನಿಜವಾಗಿಯೂ ಸಿಟ್ಟಿನಿಂದ, 'ಇಲ್ಕಾಣ್, ಒಂದ್ ಚಮ್ಚ ಇಂಗ್ ಅಂದೇಳಿ ಬರ್ದಿರ್. ಒಂದ್ ಚಮ್ಚ ಇಂಗ್ ಹಾಕಿರೆ ಯಾರ್ ಕುಡಿತ್ರಾ?' ಎಂದರು. ಹದಿನಾಲ್ಕು ವರ್ಷದಿಂದ ಅವರನ್ನು ಕೊರೆದದ್ದು ಅದು.

ನಿಮ್ಮ ಹೆಸರು ಹಾಕಿ ಎಲ್ಲವನ್ನೂ ಸರಿಯಾಗಿ ಬರೆಯುತ್ತೇನೆ ಎಂದೆ. ಹೆಸರು ಬೇಡ ಎಂದು ಕೈ ಅಡ್ಡ ಮಾಡಿದರು. ಬೀಗರಿಗೆ, ದೇವಸ್ಥಾನದ ಸಮಿತಿಯವರಿಗೆ ಅವರು ಇಂದಿಗೂ ಹೋಟೆಲಿನಲ್ಲಿದ್ದವರು, ಅಷ್ಟೇ. ಅಳತೆ ಸರಿಮಾಡು ಸಾಕು ಎಂದರು. ಹಾಗಾಗಿ ಅಳತೆ.

ನಿಂಬೆಹಣ್ಣಿನ ಗಾತ್ರದ ಹುಣಸೆಯನ್ನು ಒಂದು ಲೋಟ ಬಿಸಿನೀರಿನಲ್ಲಿ ನೆನೆಸಿ ಕಿವುಚಿ ಸೋಸಿಕೊಳ್ಳಿ. ಅದಕ್ಕೆ ಅರ್ಧ ಲೋಟ ವಿನೆಗರ್, ಎರಡು ದೊಡ್ಡ ಚಮಚ ಸೋಯಾ ಸಾಸು, ಅಡಿಕೆಯಷ್ಟು ದೊಡ್ಡದಾದ ಎರಡು ಉಂಡೆ ಬೆಲ್ಲ, ಬೀಜ ತೆಗೆದ ನಾಲ್ಕು ಬ್ಯಾಡಗಿ ಮೆಣಸು, ಜಜ್ಜಿದ ಒಂದು ಸಣ್ಣ ಚಮಚ ಕಾಳುಮೆಣಸು, ಎರಡು ಲವಂಗ, ಅರ್ಧ ಸಣ್ಣ ಚಮಚ ಉಪ್ಪು. ಇಂಗು ಕಡಲೆಕಾಳಿನಷ್ಟು, ಅದೂ ಗಟ್ಟಿ ಇಂಗು. ಪುಡಿಯಾದರೆ ಎರಡು ಚಿಟಿಕೆ. ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿ, ಆರಿಸಿ, ಸೋಸಿ, ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿ ಒಂದು ವಾರ ಇಡಿ. ಅವಸರ ಮಾಡಿದರೆ ವಿನೆಗರ್ ಮುಂದೆ ಬರುತ್ತದೆ.

ಒಂದು ಗ್ಲಾಸಿಗೆ 90 ಮಿಲಿ ದಪ್ಪ ಟೊಮೆಟೊ ರಸ, 15 ಮಿಲಿ ನಿಂಬೆರಸ, ಈ ಸಾಸು ಒಂದು ಸಣ್ಣ ಚಮಚ, ಓಮದುಪ್ಪು ಚಿಟಿಕೆ, ಖಾರ ನಿಮ್ಮ ಇಷ್ಟ. ಕುಡಿಯುವವರಾದರೆ 45 ಮಿಲಿ ವೊಡ್ಕಾ. ಕುಡಿಯದವರು ಅದನ್ನು ಬಿಟ್ಟು ಟೊಮೆಟೊ ರಸವನ್ನೇ ಸ್ವಲ್ಪ ಹೆಚ್ಚಿಸಿಕೊಳ್ಳಿ, ಕ್ಯಾಪ್ಟನ್ ಮನೆಯಲ್ಲಿ ನಾನು ಮಾಡಿಕೊಟ್ಟದ್ದೂ ಹಾಗೇ. ಅವರು ಎರಡು ಗುಟುಕು ಕುಡಿದು, ಉಪ್ಪು ಸಾಲದು ಎಂದರು. ಐಸು ಹಾಕಿ ಗ್ಲಾಸಿನಿಂದ ಗ್ಲಾಸಿಗೆ ಐದು ಸಲ ಸುರಿಯಿರಿ. ಸಾಸು ಒಂದು ತಿಂಗಳು ಕೆಡುವುದಿಲ್ಲ. ಇಂಗು ತಳಕ್ಕೆ ಕೂರುತ್ತದೆ, ಪ್ರತಿ ಸಲ ಬಾಟಲಿ ಅಲುಗಾಡಿಸಿಯೇ ಹಾಕಿ.